ಇಲ್ಲದ ಫೇಸನ್ನು ಇದೆಯೆನ್ನುವ ಮೋಟರ್

ಸುಟ್ಟ ಮೋಟರನ್ನು ರಿವೈಂಡಿಂಗ್ ಅಂಗಡಿಯ ಮೇಜಿನ ಮೇಲಿಟ್ಟು, ಎರಡೂ ಬದಿಯ ಮುಚ್ಚಳ ಬಿಚ್ಚಿ ರೋಟರನ್ನು ಹೊರಗೆಳೆದರೆ, ಅದು ಯಾವ ಕಾರಣಕ್ಕೆ ಸುಟ್ಟಿತೆಂದು ಒಳಗಿನ ತಾಮ್ರವನ್ನು ನೋಡಿಯೇ ಹೇಳಬಹುದು. ಸುತ್ತಲಿನ ಸುರುಳಿಗಳೆಲ್ಲ ಒಂದೇ ಸಮನೆ ಕಪ್ಪಾಗಿದ್ದರೆ ಮೋಟರ್ ತನ್ನ ಶಕ್ತಿಗೆ ಮೀರಿ ದುಡಿದಿದೆ, ಇಲ್ಲವೇ ಗಾಳಿಯಾಡದೆ ಬೆಂದಿದೆ. ಒಂದೇ ಜಾಗದಲ್ಲಿ ತಾಮ್ರ ಕರಗಿ ಗುಳ್ಳೆಯೆದ್ದಿದ್ದರೆ ಅಲ್ಲಿ ಇನ್ಸುಲೇಶನ್ ಒಡೆದು ಶಾರ್ಟ್ ಆಗಿದೆ. ಮೂರನೆಯ ಬಗೆ ಇವೆರಡಕ್ಕಿಂತ ವಿಚಿತ್ರವಾದದ್ದು. ಕಪ್ಪು, ಹೊಂಬಣ್ಣ, ಮತ್ತೆ ಕಪ್ಪು, ಮತ್ತೆ ಹೊಂಬಣ್ಣ ಎಂದು ಸುರುಳಿಗಳು ಸಮ ಅಂತರದಲ್ಲಿ ಸುಟ್ಟಿರುತ್ತವೆ. ಮೂರು ಫೇಸಿನ ಸುರುಳಿಗಳಲ್ಲಿ ಒಂದೋ ಎರಡೋ ಫೇಸಿನವು ಇದ್ದಿಲಾಗಿದ್ದರೆ, ಉಳಿದವು ನಿನ್ನೆ ವಾರ್ನಿಷ್ ಹಚ್ಚಿದಂತೆ ಇರುತ್ತವೆ. ಸ್ಟಾರ್ ಜೋಡಣೆಯ ಮೋಟರಿನಲ್ಲಿ ಎರಡು ಫೇಸ್ ಸುಟ್ಟು ಒಂದು ಉಳಿಯುತ್ತದೆ. ಡೆಲ್ಟಾ ಜೋಡಣೆಯದರಲ್ಲಿ ಒಂದು ಸುಟ್ಟು ಎರಡು ಉಳಿಯುತ್ತವೆ. ಮೂರು ಫೇಸ್ ಬರಬೇಕಾದ ಕಡೆ ಒಂದು ಬರದೇ ಹೋಗಿ, ಆದರೂ ಮೋಟರ್ ತಿರುಗುತ್ತಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷಿ ಬೇಕಿಲ್ಲ.

ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದಂಥ ಊರಿನಲ್ಲಿ ಹೀಗಾಗಲು ದಾರಿಗಳು ಹಲವು. ನದಿದಂಡೆಯ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ಕರೆಂಟ್ ದಿನಕ್ಕೆ ಏಳು ತಾಸು ಎಂಬುದು ಸರ್ಕಾರದ ಲೆಕ್ಕ. ಉಳಿದ ಹೊತ್ತಿನಲ್ಲಿ ಕೃಷಿ ಫೀಡರಿನ ಮೇಲಿರುವ ತೋಟದ ಮನೆಗಳ ದೀಪಕ್ಕೆಂದು ಸಿಂಗಲ್ ಫೇಸ್ ಬಿಡುವ ರೂಢಿ ಇದೆ. ಸಬ್‌ಸ್ಟೇಶನ್ನಿನಲ್ಲಿ 11 ಸಾವಿರ ವೋಲ್ಟಿನ ಮೂರು ತಂತಿಗಳಲ್ಲಿ ಒಂದನ್ನು ಬಿಡಿಸಿದರೆ ಊರ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಈಚೆ ಆಗುವುದನ್ನು ಯಾರು ಬೇಕಾದರೂ ಬಲ್ಬ್ ನೋಡಿ ಅರಿಯಬಹುದು: ಒಂದು ಫೇಸಿನ ಮನೆಗಳಲ್ಲಿ ದೀಪ ಸರಿಯಾಗಿ ಉರಿಯುತ್ತದೆ, ಉಳಿದೆರಡರಲ್ಲಿ ಮಂಕಾಗುತ್ತದೆ. 250 ವೋಲ್ಟ್ ಬರಬೇಕಾದ ಆ ಎರಡು ಫೇಸಿನಲ್ಲಿ ಬರುವುದು 125. ಪೂರ್ತಿ ಇರುವ ಫೇಸಿಗೂ ಅರ್ಧ ಇರುವ ಫೇಸಿಗೂ ನಡುವೆ 433ರ ಬದಲು 375 ವೋಲ್ಟ್ ಸಿಗುತ್ತದೆ. ಅರ್ಧ ಇರುವ ಎರಡರ ನಡುವೆ ಏನೂ ಇಲ್ಲ. ಇಷ್ಟರಲ್ಲೇ ಬೋರ್ ನಡೆಸಬೇಕು, ಟ್ರೇಲರಿನ ಮುರಿದ ಆಕ್ಸಲ್‌ಗೆ ಲೇಥ್ ತಿರುಗಿಸಬೇಕು, ಖಾರ ಕುಟ್ಟುವ ಯಂತ್ರ ಓಡಿಸಬೇಕು ಎಂದು ಹೊರಟವರ ಜಾಣ್ಮೆಯಿಂದ ಬಂದದ್ದು ಫೇಸ್ ಕನ್ವರ್ಟರ್. ಬರಿಯ ಕಂಡೆನ್ಸರ್ ಡಬ್ಬಿ ಅದರ ಅಗ್ಗದ ರೂಪ. ಒಂದು ಮೂರು ಫೇಸಿನ ಮೋಟರನ್ನು ಯಾವ ಕೆಲಸವನ್ನೂ ಹಚ್ಚದೆ ಸುಮ್ಮನೆ ತಿರುಗಲು ಬಿಟ್ಟು, ಅದರಿಂದ ಮೂರನೆಯ ಫೇಸ್ ಪಡೆದು ಉಳಿದ ಯಂತ್ರಗಳಿಗೆ ಕೊಡುವ ರೋಟರಿ ಕನ್ವರ್ಟರ್ ಅದರ ದೃಢವಾದ ರೂಪ. ಹೀಗೆ ಬರಿದೇ ತಿರುಗುವ ಮೋಟರನ್ನು ಐಡ್ಲರ್ ಎನ್ನುತ್ತಾರೆ.

ಐಡ್ಲರ್ ಮೂರನೆಯ ಫೇಸನ್ನು ಎಲ್ಲಿಂದ ತರುತ್ತದೆ ಎಂಬುದು ತಿಳಿಯದೆ ಅದರ ರಕ್ಷಣೆಯ ಮಾತು ಅರ್ಥವಾಗುವುದಿಲ್ಲ. ಮೂರು ಫೇಸ್ ಇದ್ದಾಗ ಸ್ಟೇಟರಿನ ಒಳಗೆ ಕಾಂತಕ್ಷೇತ್ರವೇ ತಿರುಗುತ್ತದೆ, ರೋಟರ್ ಅದರ ಬೆನ್ನು ಹತ್ತುತ್ತದೆ. ತಿರುಗುವ ಕ್ಷೇತ್ರವನ್ನು ಇಟಲಿಯ ಟುರಿನ್‌ನಲ್ಲಿ ಗೆಲಿಲಿಯೊ ಫೆರಾರಿಸ್ 1885ರಲ್ಲಿ ಮಾಡಿ ತೋರಿಸಿದರು. 1888ರಲ್ಲಿ ನಿಕೊಲಾ ಟೆಸ್ಲಾ ಪೇಟೆಂಟ್ ಪಡೆದರು. ಮರುವರ್ಷ ದೊಲಿವೊ-ದೊಬ್ರೊವೊಲ್‌ಸ್ಕಿ ಇಂದಿನ ಮೂರು ಫೇಸಿನ ಮೋಟರಿಗೆ ರೂಪ ಕೊಟ್ಟರು. ಸಿಂಗಲ್ ಫೇಸಿನಲ್ಲಾದರೆ ಕ್ಷೇತ್ರ ತಿರುಗುವುದಿಲ್ಲ, ಅತ್ತಿಂದಿತ್ತ ತುಯ್ಯುತ್ತದೆ. ಹೊಲಿಗೆ ಯಂತ್ರದ ಪೆಡಲನ್ನು ನೆನಪಿಸಿಕೊಳ್ಳಿ: ಕಾಲಿನ ತುಳಿತ ಬರಿಯ ಮೇಲೆ-ಕೆಳಗೆ, ನಿಂತ ಚಕ್ರವನ್ನು ಮೊದಲು ಕೈಯಿಂದ ತಿರುಗಿಸಿಕೊಡಬೇಕು, ಒಮ್ಮೆ ತಿರುಗಿತೆಂದರೆ ಅದೇ ತುಳಿತ ಚಕ್ರವನ್ನು ನಡೆಸಿಕೊಂಡು ಹೋಗುತ್ತದೆ. ಮೋಟರಿಗೂ ಹಾಗೆಯೇ. ನಿಂತಲ್ಲಿ ಸಿಂಗಲ್ ಫೇಸ್ ಕೊಟ್ಟರೆ ಗುಂಯ್‌ಗುಟ್ಟುತ್ತ ನಿಲ್ಲುತ್ತದೆ. ಕಂಡೆನ್ಸರಿನಿಂದಲೋ ಶಾಫ್ಟಿಗೆ ಹಗ್ಗ ಸುತ್ತಿ ಎಳೆದೋ ಒಮ್ಮೆ ತಿರುಗಿಸಿಬಿಟ್ಟರೆ ವೇಗ ಹಿಡಿಯುತ್ತದೆ. ವೇಗ ಹಿಡಿದ ಮೇಲೆ ನಡೆಯುವುದೇ ಮುಖ್ಯ ಸಂಗತಿ. ರೋಟರಿನ ಸರಳುಗಳಲ್ಲಿ ಹರಿಯುವ ಕರೆಂಟ್ ತನ್ನದೇ ಕಾಂತಕ್ಷೇತ್ರ ಹುಟ್ಟಿಸುತ್ತದೆ, ರೋಟರಿನ ಜೊತೆ ಅದು ಸುತ್ತುತ್ತ ಖಾಲಿ ಕೂತ ಮೂರನೆಯ ಸುರುಳಿಯನ್ನೂ ಹಾಯುತ್ತದೆ, ಅಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಹೊರೆ ಕಡಿಮೆಯಿದ್ದಾಗ ಈ ವೋಲ್ಟೇಜು ನಿಜವಾದ ಫೇಸಿನ ನೂರಕ್ಕೆ ತೊಂಬತ್ತರ ಮೇಲೆಯೇ ಇರುತ್ತದೆ. ಫೆರಾರಿಸ್ ಅವರ ಜೊತೆ ಕೆಲಸ ಮಾಡಿದ ರಿಕಾರ್ಡೊ ಆರ್ನೊ ಇದೇ ಗುಣವನ್ನು ಯಂತ್ರವಾಗಿಸಿದರು. ಅವರ ಹೆಸರಿನ ಆರ್ನೊ ಕನ್ವರ್ಟರ್ ನಮ್ಮ ರೈಲ್ವೆಯ ಡಬ್ಲ್ಯುಎಎಂ-4, ಡಬ್ಲ್ಯುಎಜಿ-5ರಂಥ ಎಂಜಿನ್ನುಗಳಲ್ಲಿ ದಶಕಗಳ ಕಾಲ ದುಡಿದಿದೆ. ತಲೆಯ ಮೇಲಿನ ತಂತಿಯ ಸಿಂಗಲ್ ಫೇಸಿನಿಂದ ಎಂಜಿನ್ನಿನ ಫ್ಯಾನು, ಕಂಪ್ರೆಸರುಗಳಿಗೆ ಮೂರು ಫೇಸ್ ಒದಗಿಸುವುದು ಅದರ ಕೆಲಸ. ಹಳ್ಳಿಯ ವರ್ಕ್‌ಶಾಪಿನ ಐಡ್ಲರ್ ಅದರ ಚಿಕ್ಕ ತಮ್ಮನೇ.

ನಮಗೆ ಮೂರನೆಯ ಫೇಸ್ ದಯಪಾಲಿಸುವ ಈ ಗುಣವೇ ಅದರ ಕಾವಲನ್ನು ಕುರುಡಾಗಿಸುತ್ತದೆ ಎಂಬುದು ಈ ಅಧ್ಯಾಯದ ವಾದ. ಸ್ಟಾರ್ಟರಿನ ಮುಚ್ಚಳ ತೆರೆದು, ಓಡುತ್ತಿರುವ ಮೋಟರಿನ ಮೂರು ತುದಿಗೆ ಟೆಸ್ಟರ್ ಹಿಡಿದು ನೋಡಿ. ಕಂಬದಲ್ಲಿ ಒಂದು ಜಂಪರ್ ಕಡಿದುಹೋಗಿದ್ದರೂ ಟೆಸ್ಟರಿನ ಕೆಂಪು ದೀಪ ಮೂರರಲ್ಲೂ ಹೊತ್ತುತ್ತದೆ. ಸತ್ತ ತಂತಿಯಲ್ಲಿ ಕಾಣುವ ಆ ಬೆಳಕು ಬರುವುದು ಟಿಸಿಯಿಂದಲ್ಲ, ಮೋಟರಿನ ಹೊಟ್ಟೆಯೊಳಗಿಂದ. ಮೂರೂ ಫೇಸ್ ಇದೆಯೆಂದು ನಂಬಿ ಮನೆಗೆ ಹೋದವರ ಮೋಟರ್ ಬೆಳಗಾಗುವಷ್ಟರಲ್ಲಿ ಸುಟ್ಟಿದ್ದರೆ ಅದು ಅವರ ತಪ್ಪಲ್ಲ. ಅವರು ಕೇಳಿದ ಪ್ರಶ್ನೆಗೆ ಮೋಟರೇ ಉತ್ತರ ಕೊಟ್ಟಿತ್ತು. ವೋಲ್ಟೇಜ್ ನೋಡಿ ಕೆಲಸ ಮಾಡುವ ಅಗ್ಗದ ಸಿಂಗಲ್ ಫೇಸ್ ಪ್ರಿವೆಂಟರ್ ಡಬ್ಬಿಗೂ ಇದೇ ಗತಿ. ಮೋಟರ್ ನಿಂತಿರುವಾಗ ಫೇಸ್ ಇಲ್ಲದಿದ್ದರೆ ಅದು ಸ್ಟಾರ್ಟ್ ಆಗಲು ಬಿಡುವುದಿಲ್ಲ, ಅಷ್ಟರ ಮಟ್ಟಿಗೆ ಉಪಕಾರಿ. ಓಡುವಾಗ ಫೇಸ್ ಹೋದರೆ, ಅದರ ಕಣ್ಣಿಗೆ ಬೀಳುವುದು ಮೋಟರ್ ತಾನೇ ತಯಾರಿಸಿದ ವೋಲ್ಟೇಜು. ಅದನ್ನೂ ಹಿಡಿಯುವಷ್ಟು ಸೂಕ್ಷ್ಮವಾಗಿ ತಿರುಪು ತಿರುಗಿಸಿಟ್ಟರೆ ಹಳ್ಳಿಯ ಲೈನಿನ ಮಾಮೂಲಿ ಏರಿಳಿತಕ್ಕೂ ಟ್ರಿಪ್ ಆಗುತ್ತದೆ. ವಾರದೊಳಗೆ ಯಾರಾದರೂ ಅದನ್ನು ಬೈಪಾಸ್ ಮಾಡಿರುತ್ತಾರೆ.

ಹಾಗಾದರೆ ಕರೆಂಟನ್ನು ನೋಡೋಣ. 5 ಎಚ್‌ಪಿ ಮೋಟರ್ ಪೂರ್ಣ ಹೊರೆಯಲ್ಲಿ ತಂತಿಯೊಂದಕ್ಕೆ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಒಂದು ಫೇಸ್ ಹೋದಾಗ ಅದೇ ಕೆಲಸವನ್ನು ಎರಡು ತಂತಿಗಳೇ ಹೊರಬೇಕು. ಅವುಗಳ ಕರೆಂಟ್ 1.73 ಪಟ್ಟು, ಅಂದರೆ 13 ಆಂಪಿಯರಿಗೆ ಏರುತ್ತದೆ. ಬಿಸಿ ಹುಟ್ಟುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿ, ಆದ್ದರಿಂದ ಆ ತಂತಿಯ ಲೆಕ್ಕದಲ್ಲಿ ಕಾವು ಮೂರು ಪಟ್ಟು. ಓವರ್‌ಲೋಡ್ ರಿಲೇ ಸರಿಯಾಗಿ ಹೊಂದಿಸಿದ್ದರೆ ಇದನ್ನು ಹಿಡಿದೇ ಹಿಡಿಯುತ್ತದೆ. ತೊಂದರೆ ಇರುವುದು ಮೋಟರ್ ಅರೆಹೊರೆಯಲ್ಲಿ ಓಡುವಾಗ, ಮತ್ತು ವರ್ಕ್‌ಶಾಪಿನ ಮೋಟರುಗಳು ದಿನದ ಬಹುಪಾಲು ಓಡುವುದು ಅರೆಹೊರೆಯಲ್ಲೇ. ನಾಲ್ಕೂವರೆ ಆಂಪಿಯರ್ ಎಳೆಯುತ್ತಿದ್ದ ಮೋಟರ್ ಫೇಸ್ ಹೋದ ಮೇಲೆ 7.8 ಎಳೆಯುತ್ತದೆ. ಏಳೂವರೆಗೆ ಹೊಂದಿಸಿದ ರಿಲೇಗೆ ಇದು ನೂರಕ್ಕೆ ನಾಲ್ಕು ಹೆಚ್ಚು ಅಷ್ಟೇ. ನೂರಕ್ಕೆ ಐದರವರೆಗೆ ಅದು ಟ್ರಿಪ್ ಆಗಬಾರದೆಂದು ಅಂತಾರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಆದರೆ ನಮ್ಮಲ್ಲಿ 3 ಎಚ್‌ಪಿಗಿಂತ ದೊಡ್ಡ ಮೋಟರುಗಳು ಸಾಮಾನ್ಯವಾಗಿ ಡೆಲ್ಟಾ ಜೋಡಣೆಯವು. ತಂತಿಯ ಕರೆಂಟ್ ಅಲ್ಲಿ ಮೂರು ಸುರುಳಿಗಳಿಗೆ ಸಮವಾಗಿ ಹಂಚಿಹೋಗದೆ, ಒಂದೇ ಸುರುಳಿಗೆ ಮೂರರಲ್ಲಿ ಎರಡು ಪಾಲು ಬೀಳುತ್ತದೆ: 5.2 ಆಂಪಿಯರ್. ಆ ಸುರುಳಿ ತಾಳಬಲ್ಲದ್ದು 4.3 ಮಾತ್ರ. ರಿಲೇ ನೆಮ್ಮದಿಯಿಂದಿರುವಾಗ ಸುರುಳಿಯೊಂದು ತನ್ನ ಮಿತಿಗಿಂತ ಸುಮಾರು ಒಂದೂವರೆ ಪಟ್ಟು ಬಿಸಿ ಹುಟ್ಟಿಸುತ್ತ ಕೂತಿರುತ್ತದೆ. ಸುರುಳಿ ಕಾಯುವ ಪ್ರತಿ ಹತ್ತು ಡಿಗ್ರಿ ಹೆಚ್ಚಿನ ಶಾಖಕ್ಕೆ ಇನ್ಸುಲೇಶನ್ನಿನ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬ ಲೆಕ್ಕ 1930ರಿಂದ ಬಳಕೆಯಲ್ಲಿದೆ. ಮೇಜಿನ ಮೇಲಿನ ಮೋಟರಿನಲ್ಲಿ ಮೂರರಲ್ಲಿ ಒಂದೇ ಫೇಸ್ ಕಪ್ಪಾಗಿದ್ದುದರ ಗುಟ್ಟು ಈ ಲೆಕ್ಕದಲ್ಲಿದೆ.

ಫ್ಯೂಜ್ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಫ್ಯೂಜ್ ಇರುವುದು ಶಾರ್ಟ್ ಆದಾಗ ತಂತಿ, ಬೋರ್ಡು ಹೊತ್ತಿಕೊಳ್ಳದಂತೆ ತಡೆಯಲು. ಮೋಟರ್ ಸ್ಟಾರ್ಟ್ ಆಗುವಾಗಿನ ಆರೇಳು ಪಟ್ಟು ಕರೆಂಟನ್ನು ತಾಳಬೇಕಾದ್ದರಿಂದ ಅದನ್ನು ದಪ್ಪವಾಗಿಯೇ ಕಟ್ಟಬೇಕಾಗುತ್ತದೆ, ಹಾಗೆ ಕಟ್ಟಿದ್ದು ಒಂದೂವರೆ ಪಟ್ಟಿಗೆ ಹೋಗುವುದೇ ಇಲ್ಲ. ಇನ್ನೂ ಕೆಡುಕೆಂದರೆ, ಪಿಂಗಾಣಿಯ ಮೂರು ಕಿಟ್‌ಕ್ಯಾಟ್ ಫ್ಯೂಜುಗಳಲ್ಲಿ ಒಂದರ ತಂತಿ ಹಳತಾಗಿ ತಾನಾಗಿ ಕಡಿದರೆ ಫೇಸ್ ತಪ್ಪಿಸಿದ್ದು ಕರೆಂಟ್ ಪೂರೈಸುವ ಹೆಸ್ಕಾಂ ಅಲ್ಲ, ಆ ಫ್ಯೂಜೇ. ಮೂರನ್ನೂ ಒಟ್ಟಿಗೆ ಬಿಡಿಸುವ ಮೂರು ಪೋಲಿನ ಎಂಸಿಬಿ ಈ ಒಂದು ಕಾರಣಕ್ಕೇ ತನ್ನ ಬೆಲೆ ತೀರಿಸುತ್ತದೆ. ಹಳೆಯ ಸ್ಟಾರ್ಟರುಗಳಲ್ಲಿ ಮೂರರ ಬದಲು ಎರಡೇ ತಂತಿಗೆ ಓವರ್‌ಲೋಡ್ ಪಟ್ಟಿ ಇರುವುದೂ ಉಂಟು. 11 ಸಾವಿರ ವೋಲ್ಟಿನ ಕಡೆ ಫೇಸ್ ಹೋದಾಗ ಈಚೆಯ ಮೂರು ತಂತಿಗಳಲ್ಲಿ ಒಂದು ಉಳಿದೆರಡರ ಇಮ್ಮಡಿ ಹೊರುತ್ತದೆ. ಪಟ್ಟಿ ಇಲ್ಲದ ತಂತಿಯೇ ಅದಾದರೆ ರಿಲೇಗೆ ಏನೂ ಗೊತ್ತಾಗುವುದಿಲ್ಲ. ಅಮೆರಿಕದ ವಿದ್ಯುತ್ ಸಂಹಿತೆ ಮೂರಕ್ಕೂ ಪಟ್ಟಿ ಕಡ್ಡಾಯ ಮಾಡಿದ್ದು 1971ರಲ್ಲಿ, ಇಂಥ ಮೋಟರುಗಳು ಸುಟ್ಟು ಸುಟ್ಟು ಪಾಠ ಕಲಿತ ಮೇಲೆ.

ಇಲ್ಲಿಯವರೆಗಿನ ಮಾತು ಎಲ್ಲ ಮೋಟರಿಗೂ ಸಲ್ಲುತ್ತದೆ. ಐಡ್ಲರಿನ ವಿಷಯಕ್ಕೆ ಬಂದಾಗ ಗಟ್ಟಿಯಾದ ಆಕ್ಷೇಪವೊಂದು ಎದುರಾಗುತ್ತದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಮೂರು ತಂತಿಗಳ ಕರೆಂಟ್ ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಬಿಡಿಸುವ ರಿಲೇಗಳು ಈಗ ಸುಲಭವಾಗಿ ಸಿಗುತ್ತವೆ. ಆದರೆ ಐಡ್ಲರಿನಲ್ಲಿ ಮೂರು ಕರೆಂಟ್ ಎಂದೂ ಸಮನಾಗಿರುವುದಿಲ್ಲ. ಅದು ಎರಡು ತಂತಿಯಿಂದ ಉಂಡು ಮೂರನೆಯದರಿಂದ ಬಡಿಸುವ ಯಂತ್ರ. ಯಾವ ಲೇಥೂ ಓಡದಿರುವಾಗ, ಕಂಡೆನ್ಸರೂ ಇಲ್ಲದಿದ್ದರೆ, ಮೂರನೆಯದರಲ್ಲಿ ಹರಿಯುವುದು ಸೊನ್ನೆ. ವ್ಯತ್ಯಾಸ ನೋಡುವ ರಿಲೇ ಐಡ್ಲರಿಗೆ ಹಾಕಿದರೆ ದಿನಕ್ಕೆ ಹತ್ತು ಸಲ ಸುಳ್ಳು ಕೂಗು ಹಾಕುತ್ತದೆ. ಆದ್ದರಿಂದ ಅಂಥ ರಿಲೇ ಐಡ್ಲರಿಗಲ್ಲ, ಅದರಿಂದ ಫೇಸ್ ಪಡೆಯುವ ಒಂದೊಂದು ಯಂತ್ರದ ಮೋಟರಿಗೂ ಬೇರೆಬೇರೆಯಾಗಿ ಇರಬೇಕು. ಕನ್ವರ್ಟರಿನ ವೋಲ್ಟೇಜು ಹೇಗೂ ನೂರಕ್ಕೆ ಎರಡು ಮೂರು ಏರುಪೇರಾಗುವುದರಿಂದ ಅಲ್ಲಿಯೂ ತುಸು ಸಡಿಲು ಬಿಡಬೇಕು. ವೋಲ್ಟೇಜು ನೂರಕ್ಕೆ ಮೂರೂವರೆ ಏರುಪೇರಾದರೆ ಸುರುಳಿಯ ಶಾಖ ಸುಮಾರು ಕಾಲುಭಾಗ ಏರುತ್ತದೆ, ಹಾಗಾಗಿ ಸಡಿಲಿಗೂ ಮಿತಿಯುಂಟು. ಐಡ್ಲರನ್ನು ಅತಿ ದೊಡ್ಡ ಯಂತ್ರದ ಮೋಟರಿಗಿಂತ ಒಂದೂಕಾಲರಿಂದ ಒಂದೂವರೆ ಪಟ್ಟು ದೊಡ್ಡದಾಗಿ ಆರಿಸುವುದು ಈ ಏರುಪೇರನ್ನು ಹಿಡಿತದಲ್ಲಿಡಲು.

ಐಡ್ಲರಿಗೆ ಏನು ಮಾಡಬೇಕು? ವೋಲ್ಟೇಜು ಸುಳ್ಳು ಹೇಳುತ್ತದೆ, ಕರೆಂಟಿನ ಹೋಲಿಕೆ ಅಲ್ಲಿ ಅರ್ಥ ಕಳೆದುಕೊಳ್ಳುತ್ತದೆ; ಉಳಿಯುವುದು ಶಾಖ. ಮೋಟರನ್ನು ಕೊಲ್ಲುವುದೂ ಕೊನೆಗೆ ಅದೇ ಆದ್ದರಿಂದ ಅದನ್ನೇ ನೇರವಾಗಿ ಅಳೆಯುವುದು ನ್ಯಾಯ. ಕಡಲೆಬೇಳೆಗಿಂತ ಚಿಕ್ಕದಾದ ಪಿಟಿಸಿ ಥರ್ಮಿಸ್ಟರ್ ಎಂಬ ಬಿಡಿಭಾಗವಿದೆ. ನಿಗದಿತ ಶಾಖಕ್ಕೆ ಬಂದೊಡನೆ ಅದರ ವಿದ್ಯುತ್ ತಡೆ ಒಮ್ಮೆಲೇ ಏರಿಬಿಡುತ್ತದೆ, ಆ ಏರಿಕೆಯನ್ನು ಚಿಕ್ಕ ರಿಲೇಯೊಂದು ಕಂಡು ಕಾಂಟ್ಯಾಕ್ಟರನ್ನು ಬಿಡಿಸುತ್ತದೆ. ಫೇಸಿಗೆ ಒಂದರಂತೆ ಮೂರನ್ನು ಸುರುಳಿಯ ತಲೆಗಳ ನಡುವೆ ತೂರಿಸಿ, ದಾರದಿಂದ ಬಿಗಿದು, ಒಂದರ ಹಿಂದೊಂದು ಜೋಡಿಸಿ ಎರಡೇ ತಂತಿ ಹೊರತಂದರೆ ಸಾಕು. ಯಾವ ಸುರುಳಿ ಕಾದರೂ ತಡೆ ಏರುತ್ತದೆ. ಎಲ್ಲಿಂದ, ಏಕೆ ಕಾಯಿತೆಂಬ ಲೆಕ್ಕ ಬೇಡ. 155 ಡಿಗ್ರಿ ತಾಳುವ ಎಫ್ ದರ್ಜೆಯ ಇನ್ಸುಲೇಶನ್ನಿಗೆ 150ರ ಥರ್ಮಿಸ್ಟರ್, 130 ತಾಳುವ ಬಿ ದರ್ಜೆಗೆ 120ರದ್ದು ಹೊಂದುತ್ತದೆ. ಇದನ್ನು ಕೂರಿಸಲು ತಕ್ಕ ಸಮಯವೆಂದರೆ ರಿವೈಂಡಿಂಗ್ ಮಾಡುವಾಗ, ವಾರ್ನಿಷ್ ಹುಯ್ಯುವ ಮುಂಚೆ. ಹಾವೇರಿ, ರಾಣೆಬೆನ್ನೂರಿನ ರಿವೈಂಡಿಂಗ್ ಕುಶಲಕರ್ಮಿಗಳ ಕೈಗೆ ಇದೊಂದು ಅಭ್ಯಾಸವಾದರೆ ಒಂದೇ ಮೋಟರ್ ಮತ್ತೆ ಮತ್ತೆ ಅದೇ ಮೇಜಿಗೆ ಬರುವುದು ತಪ್ಪುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ಲಿಲ್ಲ. ರೈತನ ಜೇಬಿನಿಂದ ಹಣ ಹೋಗುವುದು ರಿವೈಂಡಿಂಗಿಗೆ, ಅದೂ ಬೆಳೆಗೆ ನೀರು ಬೇಕಾದ ವಾರದಲ್ಲೇ.

ಥರ್ಮಿಸ್ಟರಿಗೂ ಒಂದು ಕೊರತೆ ಇದೆ. ಸುರುಳಿಯ ಶಾಖ ಅದರೊಳಗೆ ಇಳಿಯಲು ಕೆಲವು ಸೆಕೆಂಡು ಬೇಕು, ಮೋಟರ್ ತಿರುಗದೆ ನಿಂತಲ್ಲೇ ಐದಾರು ಪಟ್ಟು ಕರೆಂಟ್ ಎಳೆಯುವಾಗ ಆ ತಡವೂ ದುಬಾರಿ. ಐಡ್ಲರಿನ ಬದುಕಿನಲ್ಲಿ ಅತಿ ಅಪಾಯದ ಗಳಿಗೆ ಅದರ ಸ್ಟಾರ್ಟ್. ಆರ್ನೊ ಕನ್ವರ್ಟರ್ ಇದ್ದ ಎಂಜಿನ್ನುಗಳಲ್ಲಿ ಇದಕ್ಕೆ ಮಾಡಿದ ಏರ್ಪಾಡು ಅನುಕರಣೀಯ: ಮೂರನೆಯ ಫೇಸಿನ ವೋಲ್ಟೇಜು ಬೆಳೆದು ನಿಂತಿತೇ ಎಂದು ಒಂದು ರಿಲೇ ಕಾಯುತ್ತದೆ, ಬೆಳೆದರೆ ಸ್ಟಾರ್ಟಿಂಗಿನ ರೆಸಿಸ್ಟರನ್ನು ತೆಗೆಯುತ್ತದೆ, ಸುಮಾರು ಐದು ಸೆಕೆಂಡಿನೊಳಗೆ ಬೆಳೆಯದಿದ್ದರೆ ಎಂಜಿನ್ನಿನ ಮುಖ್ಯ ಬ್ರೇಕರೇ ಬಿಟ್ಟುಕೊಳ್ಳುತ್ತದೆ. ವರ್ಕ್‌ಶಾಪಿನಲ್ಲೂ ಒಂದು ಟೈಮರು, ಮೂರನೆಯ ಫೇಸಿನ ಮೇಲೆ ಒಂದು ವೋಲ್ಟೇಜ್ ರಿಲೇ ಇದನ್ನು ಮಾಡಬಲ್ಲವು. ಓಡುವಾಗ ಕುರುಡಾದ ಅದೇ ವೋಲ್ಟೇಜ್ ರಿಲೇ ಇಲ್ಲಿ ಸರಿಯಾದ ಜಾಗದಲ್ಲಿದೆ, ಏಕೆಂದರೆ ಇಲ್ಲಿ ಕೇಳುವುದು ಫೇಸ್ ಇದೆಯೇ ಎಂದಲ್ಲ, ಐಡ್ಲರ್ ವೇಗ ಹಿಡಿಯಿತೇ ಎಂದು. ಆ ರಿಲೇ ಒಪ್ಪುವವರೆಗೆ ಲೇಥಾಗಲಿ ಗಿರಣಿಯಾಗಲಿ ಆನ್ ಆಗಬಾರದು. ಎಲ್ಲ ಕಾಂಟ್ಯಾಕ್ಟರುಗಳ ಕಾಯಿಲು ಹೊರಗಿನಿಂದ ಬರುವ ಎರಡು ತಂತಿಗಳ ಮೇಲೇ ಇರಲಿ, ಹುಟ್ಟಿಸಿದ ಫೇಸಿನ ಮೇಲೆ ಬೇಡ. ಕರೆಂಟ್ ಹೋಗಿ ಬಂದೊಡನೆ ತಾನೇ ಸ್ಟಾರ್ಟ್ ಮಾಡುವ ಆಟೋ ಸ್ವಿಚ್ಚನ್ನು, ಸ್ಟಾರ್ಟರಿನ ಗುಂಡಿಗೆ ಕಟ್ಟಿಗೆ ಚೂರು ಸಿಕ್ಕಿಸಿಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ನಡುರಾತ್ರಿ ಸಿಂಗಲ್ ಫೇಸ್ ಬಂದು, ಯಾರೂ ಇಲ್ಲದ ಕೋಣೆಯಲ್ಲಿ ಮೋಟರ್ ಗುಂಯ್‌ಗುಟ್ಟುತ್ತ ಸುಡುವುದು ಹೀಗೆಯೇ. ಕಂಡೆನ್ಸರುಗಳ ತುದಿಗೆ ಚಾರ್ಜ್ ಇಳಿಸುವ ರೆಸಿಸ್ಟರ್ ಇರಲೇಬೇಕು, ಅದು ಮೋಟರಿಗಲ್ಲ, ಮುಚ್ಚಳ ತೆರೆಯುವ ಕೈಗೆ.

ಇಷ್ಟೆಲ್ಲ ಪಾಡು ಏಕೆ, ವಿಎಫ್‌ಡಿ ಎಂಬ ಎಲೆಕ್ಟ್ರಾನಿಕ್ ಡ್ರೈವ್ ಹಾಕಬಾರದೇ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ರೈಲ್ವೆಯೂ ಆರ್ನೊ ಬಿಟ್ಟು ಎಲೆಕ್ಟ್ರಾನಿಕ್ ಕನ್ವರ್ಟರಿಗೆ ಹೋಗಿದೆ. 240 ವೋಲ್ಟಿನಿಂದ ಓಡುವ ವಿಎಫ್‌ಡಿ, 3 ಎಚ್‌ಪಿವರೆಗಿನ ಸ್ಟಾರ್ ಮೋಟರನ್ನು ಡೆಲ್ಟಾಕ್ಕೆ ಬದಲಿಸಿಕೊಂಡರೆ, ಅಚ್ಚುಕಟ್ಟಾಗಿ ನಡೆಸುತ್ತದೆ, ಮೇಲೆ ಹೇಳಿದ ಕಾವಲುಗಳಲ್ಲಿ ಹೆಚ್ಚಿನವು ಅದರೊಳಗೇ ಇರುತ್ತವೆ. ಒಂದೇ ಯಂತ್ರ ಇರುವವರು ಅದನ್ನೇ ಕೊಳ್ಳಲಿ. ನಾಲ್ಕೈದು ಯಂತ್ರಗಳಿದ್ದರೆ ಒಂದೊಂದಕ್ಕೂ ಒಂದು ಬೇಕಾಗುತ್ತದೆ. ಬ್ಯಾಡಗಿಯ ಸುತ್ತಿನ ಖಾರ ಕುಟ್ಟುವ ಮನೆಗಳ ಮೆಣಸಿನ ಧೂಳು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಫ್ಯಾನಿನೊಳಗೆ ಹೊಕ್ಕು ಮಾಡುವ ಹಾನಿಯೂ ಕಡಿಮೆಯದ್ದಲ್ಲ. ಹೆಸ್ಕಾಂನವರ ತಕರಾರು ಇದಕ್ಕಿಂತ ಭಾರವಾದದ್ದು. 25 ಕೆವಿಎ ಟಿಸಿ ಒಂದು ಫೇಸಿಗೆ ಕೊಡಬಲ್ಲದ್ದು 33 ಆಂಪಿಯರ್. 240 ವೋಲ್ಟಿನಿಂದ 5 ಎಚ್‌ಪಿ ಕೆಲಸ ತೆಗೆಯುವ ಒಂದೇ ಕನ್ವರ್ಟರ್ ಅದರಲ್ಲಿ 24ನ್ನು ನುಂಗುತ್ತದೆ. ಎರಡು ಕನ್ವರ್ಟರ್ ಒಂದೇ ಫೇಸಿಗೆ ಬಿದ್ದರೆ ಸುಡುವುದು ಟಿಸಿ, ಕತ್ತಲಾಗುವುದು ಎಲ್ಲರ ಮನೆ. ಊರೊಳಗೆ ದಿನವಿಡೀ ಕರೆಂಟ್ ಕೊಡಲೆಂದಿರುವ ನಿರಂತರ ಜ್ಯೋತಿ ಫೀಡರ್ ಹಾದುಹೋಗುವಲ್ಲಿ ವರ್ಕ್‌ಶಾಪಿನವರು ಮೂರು ಫೇಸಿನ ಸಂಪರ್ಕವನ್ನೇ ಪಡೆಯುವುದು ಸರಿ. ಅದು ಮುಟ್ಟದ ಜಾಗದಲ್ಲಿ, ಇಲಾಖೆಗೆ ತಿಳಿಸಿ, ಟಿಸಿಯ ತಾಕತ್ತು ನೋಡಿ ಹಾಕಿದ ಒಂದು ಐಡ್ಲರಿಗೆ ಮಾತ್ರ ನನ್ನ ಬೆಂಬಲ.

ಹಾಕಿದ ಕಾವಲು ಕೆಲಸ ಮಾಡುತ್ತದೆಯೇ ಎಂದು ನೋಡುವುದು ಕಷ್ಟವಲ್ಲ. ಮೇನ್ ತೆಗೆದು, ಲೇಥಿನ ಮೋಟರಿಗೆ ಹೋಗುವ ಮೂರರಲ್ಲಿ ಒಂದು ತಂತಿ ಬಿಚ್ಚಿ, ಟೇಪ್ ಸುತ್ತಿ, ಮತ್ತೆ ಸ್ಟಾರ್ಟ್ ಒತ್ತಬೇಕು. ಗುಂಯ್‌ಗುಟ್ಟುವ ಮೋಟರನ್ನು ರಿಲೇ ಹತ್ತು ಹದಿನೈದು ಸೆಕೆಂಡಿನೊಳಗೆ ಬಿಡಿಸಬೇಕು. ಬಿಡಿಸದಿದ್ದರೆ ಕೂಡಲೇ ಕೈಯಿಂದ ಆಫ್ ಮಾಡಿ, ರಿಲೇಯ ಮುಳ್ಳು ಮೋಟರಿನ ನೇಮ್‌ಪ್ಲೇಟಿನ ಆಂಪಿಯರಿಗಿಂತ ಮೇಲಿದೆಯೇ ನೋಡಬೇಕು. ಐಡ್ಲರಿನ ಥರ್ಮಿಸ್ಟರಿನ ಪರೀಕ್ಷೆ ಇನ್ನೂ ಸುಲಭ: ಮೇನ್ ತೆಗೆದು ಅದರ ಎರಡು ತಂತಿಗಳಲ್ಲಿ ಒಂದನ್ನು ಬಿಚ್ಚಿಟ್ಟರೆ, ಮತ್ತೆ ಕರೆಂಟ್ ಕೊಟ್ಟಾಗ ಐಡ್ಲರ್ ಸ್ಟಾರ್ಟ್ ಆಗಲೇಬಾರದು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತುಂಬಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಖಾರ ಕುಟ್ಟುವ ಯಂತ್ರಗಳು ಬಿಡುವಿಲ್ಲದೆ ಓಡುವುದೂ ಆಗಲೇ ಆದ್ದರಿಂದ, ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಈ ಎರಡು ಪರೀಕ್ಷೆಗೆ ಎತ್ತಿಟ್ಟರೆ ಹಂಗಾಮು ಮುಗಿಯುವವರೆಗೆ ಸಾಕಾಗುತ್ತದೆ.